ಸಹಬಾಳ್ವೆಯ ಪಾಠ: ಬೆಳಗೊಳದ ಶಾಸನದಿಂದ ಚೀನಾಕ್ಕೆ

ಕನ್‌ಫ್ಯೂಷಿಯಸ್, ತಾವೋ, ಬೌದ್ಧ ಮತಗಳು ಚೀನಾದಲ್ಲಿ ಕೂಡಿ ಬಾಳಿದವು ಎಂದರೆ ಮಕ್ಕಳು ಬರೆದುಕೊಂಡು ಸುಮ್ಮನಾಗುತ್ತಾರೆ. ಹೇಗೆ ಬಾಳಿದವು ಎಂಬುದು ತಿಳಿಯಬೇಕಾದರೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಸಾಗಬೇಕು. ಆದ್ದರಿಂದ ಕೊತ್ತತ್ತಿಯಲ್ಲಿ ಬೋಧನಾಭ್ಯಾಸದ ವೇಳೆ 9ನೇ ತರಗತಿಗೆ ಈ ವಿಷಯವನ್ನು ನಾನು ಶ್ರವಣಬೆಳಗೊಳದಿಂದ ಆರಂಭಿಸಿದೆ.

ಅಲ್ಲಿನ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ. ಶ್ರೀವೈಷ್ಣವರೊಡನೆ ವ್ಯಾಜ್ಯ ಬಂದಾಗ ಜೈನರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ. ಜೊತೆಗೆ ಕಟ್ಟಳೆಗಳನ್ನೂ ಮಾಡಿದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಉಳಿಯಿತು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ. ಅದರಿಂದ ಬೆಳಗೊಳದ ಕಾವಲಿಗೆ 20 ಆಳುಗಳನ್ನು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

“ಭೇದ ಇಲ್ಲ ಅಂದ್ಮೇಲೆ ಕಾವಲು ಯಾಕೆ ಸಾರ್?” ಎಂದು ಒಬ್ಬಳು ಕೇಳಿದಳು. ಪಾಠದ ತಿರುಳು ಅದೇ. ಸಹಬಾಳ್ವೆಗೆ ಒಳ್ಳೆಯ ಮಾತೊಂದೇ ಸಾಲದು. ಆದ್ದರಿಂದ ಕಪ್ಪುಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ: ಹಕ್ಕು ಯಾರದು? ಹೊಣೆ ಯಾರದು? ಖರ್ಚು ಯಾರದು?

ಎರಡನೆಯ ಉದಾಹರಣೆ ಧರ್ಮಸ್ಥಳ. ದೇವರು ಮಂಜುನಾಥ, ಅರ್ಚಕರು ಮಾಧ್ವ ವೈಷ್ಣವರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಯಾರೂ ತಮ್ಮ ಮತ ಬಿಡದೆ ಕೆಲಸ ಹಂಚಿಕೊಂಡಿದ್ದಾರೆ.

ಇಷ್ಟು ತಿಳಿದ ಮೇಲೆ ಚೀನಾ ಹತ್ತಿರವಾಗುತ್ತದೆ. ಅಲ್ಲಿಯೂ ಹಂಚಿಕೆಯಿತ್ತು. ಕುಟುಂಬ, ಆಡಳಿತ, ಅಧಿಕಾರಿಗಳ ಪರೀಕ್ಷೆಗೆ ಕನ್‌ಫ್ಯೂಷಿಯಸ್. ಪ್ರಕೃತಿ, ಆರೋಗ್ಯ, ದೀರ್ಘಾಯುಷ್ಯಕ್ಕೆ ತಾವೋ. ದುಃಖ, ಸಾವು, ಕರ್ಮದ ಪ್ರಶ್ನೆಗಳಿಗೆ ಬುದ್ಧ. 12ನೇ ಶತಮಾನದ ಸುಂಗ್ ಚಕ್ರವರ್ತಿ ಶಿಯಾವೊಚುಂಗ್ ಕೂಡ ಮನಸ್ಸು, ದೇಹ, ಲೋಕವ್ಯವಹಾರ ಎಂದು ಮೂರಕ್ಕೂ ಪಾಲು ಗುರುತಿಸಿದ್ದ. ಆದರೆ ಒಂದು ವ್ಯತ್ಯಾಸವನ್ನು ಹೇಳಲೇಬೇಕು: ಬೆಳಗೊಳದಲ್ಲಿ ಎರಡು ಸಮುದಾಯಗಳು ಅಕ್ಕಪಕ್ಕ ಬಾಳಿದವು, ಚೀನಾದಲ್ಲಿ ಒಬ್ಬನೇ ಮನುಷ್ಯ ಮೂರನ್ನೂ ನಂಬಬಹುದಿತ್ತು.

ಜಗಳವನ್ನು ಮುಚ್ಚಿಡಬಾರದು. 845ರಲ್ಲಿ ತಾಂಗ್ ಚಕ್ರವರ್ತಿ ವುಚುಂಗ್ ಸಾವಿರಾರು ಬೌದ್ಧ ವಿಹಾರಗಳನ್ನು ಮುಚ್ಚಿಸಿದ. ತಾವೋ ಮತದ ಮೇಲಿನ ಒಲವಿನ ಜೊತೆಗೆ ವಿಹಾರಗಳ ತೆರಿಗೆಯಿಲ್ಲದ ಆಸ್ತಿಯೂ ಅದಕ್ಕೆ ಕಾರಣ. ಇಲ್ಲಿಯೂ ಮೂರನೆಯ ಪ್ರಶ್ನೆಯೇ ಕೆಲಸಕ್ಕೆ ಬರುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: “ಎಲ್ಲ ಧರ್ಮಗಳೂ ಒಂದೇ” ಎಂದು ಪಾಠ ಮುಗಿಸಬೇಡಿ. ತರಗತಿಯಲ್ಲಿ ಯಾರ ಜಾತಿ, ಮತವನ್ನೂ ಕೇಳದೆ, ಶಾಸನದ ಸಾರಾಂಶವನ್ನು ಕೈಗೆ ಕೊಟ್ಟು ಆ ಮೂರು ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಹುಡುಕಲಿ. ಮೌಲ್ಯಮಾಪನಕ್ಕೂ ಅವೇ ಸಾಕು.