ರಕ್ತದ ಕಲೆಯೂ ಸಾಕ್ಷಿ ಹೇಳುತ್ತದೆ: ಓದಲು ಧಾರವಾಡವೇ ಹತ್ತಿರ

ಬೈಲಹೊಂಗಲ: ಅಂಗಡಿ ಮುಂದೆ ಹೊಡೆದಾಟ ಆಗಿ ರಕ್ತ ಬಿದ್ದರೆ ಮೊದಲು ಕೇಳುವ ಮಾತು, ‘ಲಗೂನ ನೀರ ಹಾಕಿ ತೊಳೀರಿ’. ಆ ಒಂದು ಕೊಡ ನೀರಿಗೆ ಸಾಕ್ಷಿಯೇ ಕೊಚ್ಚಿ ಹೋಗುತ್ತದೆ.

ಕಲೆ ಏನು ಹೇಳುತ್ತದೆ?
ನೇರವಾಗಿ ಬಿದ್ದ ಹನಿ ದುಂಡಗಿರುತ್ತದೆ, ಓರೆಯಾಗಿ ಬಿದ್ದದ್ದು ಉದ್ದವಾಗುತ್ತದೆ. ಕಲೆಯ ಅಗಲ ಉದ್ದದ ಅರ್ಧದಷ್ಟಿದ್ದರೆ ಹನಿ ಸುಮಾರು 30 ಡಿಗ್ರಿ ಕೋನದಲ್ಲಿ ಬಡಿದಿದೆ ಎಂದರ್ಥ. ಎಸ್ಸೆಸ್ಸೆಲ್ಸಿ ತ್ರಿಕೋನಮಿತಿ, ಅಷ್ಟೇ. ಹಲವು ಕಲೆಗಳಿಂದ ಹಿಂದಕ್ಕೆ ಗೆರೆ ಎಳೆದರೆ ರಕ್ತ ಚಿಮ್ಮಿದ ಜಾಗ ಅಂದಾಜಿಗೆ ಸಿಗುತ್ತದೆ. ಆದರೆ ಹೊಡೆದವರು ಯಾರೆಂದು ಕಲೆಯ ಆಕಾರ ಹೇಳದು. ರಕ್ತ ಯಾರದ್ದೆಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಬೇಕು.

ಈಗೇಕೆ ಬೇಡಿಕೆ?
2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ 5 ವರ್ಷದ ಅವಕಾಶವಿದೆ.

ಎಲ್ಲಿ ಓದಬೇಕು?
ಪಿಯುಸಿಯಲ್ಲಿ ವಿಜ್ಞಾನ ಇರಲಿ. ಕಿತ್ತೂರು, ಸವದತ್ತಿ, ರಾಮದುರ್ಗದ ಮಕ್ಕಳಿಗೂ ಧಾರವಾಡ ದೂರವಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೂ 2023ರ ಜನವರಿಯಲ್ಲಿ ಅಲ್ಲೇ ಶಂಕುಸ್ಥಾಪನೆ ಆಗಿದೆ. ಬೆಳಗಾವಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ. ರಕ್ತದ ಕಲೆಯೊಂದನ್ನೇ ನಂಬಿ ಹೊರಡಬೇಡಿ. ಸಾಮಾನ್ಯವಾಗಿ ವಿಧಿವಿಜ್ಞಾನದ ಪದವಿ ಮೊದಲು, ಪರಿಣತಿ ಆಮೇಲೆ.

ನಾವೇನು ಮಾಡಬೇಕು?
ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಕಳಿಸಿ, 112ಕ್ಕೆ ಕರೆ ಮಾಡಿ. ಪೊಲೀಸರು ಹೇಳುವ ತನಕ ಆ ಜಾಗ ತುಳಿಯಬೇಡಿ, ತೊಳೆಯಬೇಡಿ.