3 ಮೆಟ್ಟಿಲಿಗೆ 18 ಅಡಿ: ಪಾರ್ಕು, ಬೀಚು, ಬೆಟ್ಟದ ದಾರಿ ಎಲ್ಲರಿಗೂ ಸಿಗೋದು ಹೇಗೆ?

ಬೆಳಗ್ಗೆ ವಾಕಿಂಗ್ ಮಾಡ್ತಾ ಈ ಪಾಡ್‌ಕಾಸ್ಟ್ ಕೇಳ್ತೀವಿ ಅಂತ ನಿಮ್ಮಲ್ಲಿ ತುಂಬಾ ಜನ ಮೆಸೇಜ್ ಹಾಕ್ತೀರಿ. ಹಾಗಾದ್ರೆ ಇವತ್ತಿನ ವಿಷಯ ನಿಮ್ಮ ಕಾಲಡಿಯಲ್ಲೇ ಇದೆ. ನೀವು ಈಗಷ್ಟೇ ದಾಟಿ ಬಂದ ಪಾರ್ಕ್ ಗೇಟನ್ನ ಒಮ್ಮೆ ನೆನಪಿಸಿಕೊಳ್ಳಿ. ಬೈಕ್ ನುಗ್ಗಬಾರದು ಅಂತ ಎಷ್ಟೋ ಕಡೆ ಸುತ್ತೋ ಗೇಟು ಇರುತ್ತೆ, ಇಲ್ಲಾಂದ್ರೆ ಒತ್ತೊತ್ತಾಗಿ ಕಬ್ಬಿಣದ ಕಂಬ ನೆಟ್ಟಿರ್ತಾರೆ. ನಾವು ಸ್ವಲ್ಪ ಓರೆಯಾಗಿ ತಿರುಗಿ ಒಳಗೆ ಬಂದುಬಿಡ್ತೀವಿ. ಆದರೆ ಬೈಕ್ ತಡೆಯೋ ಗೇಟು ವೀಲ್‌ಚೇರನ್ನೂ ತಡೆಯುತ್ತೆ. ಒಳಗೆ ಎಷ್ಟೇ ಚೆಂದದ ದಾರಿ ಇರಲಿ, ವೀಲ್‌ಚೇರ್‌ನಲ್ಲಿ ಬಂದವರಿಗೆ ಪಾರ್ಕು ಅಲ್ಲಿಗೇ ಮುಗೀತು.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಎಷ್ಟು ಜನರನ್ನ ನೀವು ಪಾರ್ಕಲ್ಲಿ, ಬೀಚಲ್ಲಿ, ಬೆಟ್ಟದ ಮೇಲೆ ನೋಡಿದ್ದೀರಿ? "ಅವರು ಬರೋದೇ ಇಲ್ಲ, ಅದಕ್ಕೇ ಮಾಡಿಲ್ಲ" ಅನ್ನೋ ಮಾತು ಕೇಳಿರ್ತೀರಿ. ಇದು ತಿರುಗಾಮುರುಗಾ ಲೆಕ್ಕ. ದಾರಿ ಇಲ್ಲ, ಅದಕ್ಕೇ ಬರಲ್ಲ.

ಸರಿ, ದಾರಿ ಮಾಡೋದು ಅಂದ್ರೆ ಏನು? ನಾನು ಬಿ.ಕಾಂ ಮಾಡಿದವಳು, ಲೆಕ್ಕದಲ್ಲೇ ಹೇಳ್ತೀನಿ. ಮೊದಲನೇದು ಏರು. ರ‍್ಯಾಂಪ್‌ಗೆ ಸಾಮಾನ್ಯವಾಗಿ ಒಪ್ಪಿರೋ ಅಳತೆ 1ಕ್ಕೆ 12. ಅಂದ್ರೆ 1 ಅಡಿ ಎತ್ತರ ಏರೋಕೆ 12 ಅಡಿ ಉದ್ದ ಬೇಕು. ಗೇಟ್ ಹತ್ತಿರ ಅರ್ಧರ್ಧ ಅಡಿಯ 3 ಮೆಟ್ಟಿಲು ಇದೆ ಅಂದ್ಕೊಳ್ಳಿ. ಒಟ್ಟು ಎತ್ತರ ಒಂದೂವರೆ ಅಡಿ. ಅದಕ್ಕೆ 18 ಅಡಿ ರ‍್ಯಾಂಪ್ ಬೇಕು. ಎಷ್ಟೋ ಕಡೆ ಮಾಡೋದೇನು? ಮೆಟ್ಟಿಲ ಪಕ್ಕ 4 ಅಡಿ ಸಿಮೆಂಟ್ ಸುರಿದು "ರ‍್ಯಾಂಪ್ ಆಯ್ತು" ಅಂತಾರೆ. ಅದರಲ್ಲಿ ಯಾರ ಸಹಾಯವೂ ಇಲ್ಲದೆ ಹತ್ತೋಕಾಗಲ್ಲ, ಇಳಿಯುವಾಗ ಮುಗ್ಗರಿಸಿ ಬೀಳೋ ಭಯ ಬೇರೆ. ಕಡತದಲ್ಲಿ ಮಾತ್ರ ಕೆಲಸ ಮುಗಿದಿರುತ್ತೆ.

ಎರಡನೇದು ನೆಲ. ವೀಲ್‌ಚೇರ್‌ನ ಮುಂದಿನ ಚಕ್ರಗಳು ಚಿಕ್ಕವು. ಬಿಡಿ ಜಲ್ಲಿಯಲ್ಲಿ, ಮರಳಲ್ಲಿ ಹೂತುಹೋಗ್ತವೆ. ಹಾಗಂತ ಎಲ್ಲಾ ಕಡೆ ಕಾಂಕ್ರೀಟೇ ಬೇಕು ಅಂತಿಲ್ಲ. ಚೆನ್ನಾಗಿ ದಮ್ಮಾಸು ಮಾಡಿದ ಮಣ್ಣು, ಜಲ್ಲಿಪುಡಿ ಕೂಡ ಆಗುತ್ತೆ. ಚಕ್ರ ಉರುಳಿದ್ರೆ ನೆಲ ಕುಸಿಯಬಾರದು, ಜಾರಬಾರದು, ಅಷ್ಟೇ. ಕಣ್ಣು ಕಾಣದವರಿಗೆ ತೊಂದರೆ ಬೇರೆ ಥರದ್ದು. ಕೈಕೋಲು ನೆಲದ ಮೇಲಿನ ಕಲ್ಲನ್ನ ಪತ್ತೆ ಹಚ್ಚುತ್ತೆ, ಮುಖದ ಮಟ್ಟಕ್ಕೆ ಬಾಗಿದ ಕೊಂಬೆಯನ್ನಲ್ಲ. ಆ ಕೊಂಬೆ ಸವರೋಕೆ ದೊಡ್ಡ ಟೆಂಡರೇನೂ ಬೇಡ.

ಈಗ ಎಲ್ಲರೂ ಕೇಳೋ ಪ್ರಶ್ನೆ: ಬೆಟ್ಟ, ಕಾಡಿನ ದಾರಿಗಳ ಕಥೆ ಏನು? ಅವನ್ನೂ ಅಗೆದು ಸಿಮೆಂಟ್ ಹಾಕಬೇಕಾ? ಬೇಡ. ಅಮೆರಿಕದ ಆಕ್ಸೆಸ್ ಬೋರ್ಡ್ 2013ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಜಾಗಗಳಲ್ಲಿರೋ ಕಾಲುದಾರಿಗಳಿಗೆ ನಿಯಮ ತಂತು. ದಾರಿ ಕನಿಷ್ಠ 36 ಇಂಚು ಅಗಲ ಇರಬೇಕು. ಏರು 1ಕ್ಕೆ 20ರ ಒಳಗಿದ್ರೆ ಎಷ್ಟು ದೂರ ಬೇಕಾದ್ರೂ ಹೋಗಬಹುದು. 1ಕ್ಕೆ 12ರಷ್ಟು ಕಡಿದಾದ್ರೆ 200 ಅಡಿಗೊಮ್ಮೆ ನಿಂತು ಸುಧಾರಿಸಿಕೊಳ್ಳೋಕೆ ಜಾಗ ಬೇಕು. ಬೆಟ್ಟದ ಸ್ವರೂಪವೇ ಇದಕ್ಕೆ ಒಪ್ಪದಿದ್ರೆ ವಿನಾಯಿತಿ ಇದೆ.

ಆ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಬೋರ್ಡು. ಹೊಸದಾಗಿ ಮಾಡಿದ ದಾರಿಯ ಶುರುವಿನಲ್ಲಿ ಅದರ ಉದ್ದ, ನೆಲ ಎಂಥದ್ದು, ಅಗಲ, ಏರು, ಪಕ್ಕಕ್ಕೆ ಎಷ್ಟು ವಾಲಿದೆ ಅನ್ನೋದನ್ನ ಬರೀಬೇಕು. ಅದನ್ನ ಓದಿ ಹೋಗೋದಾ ಬೇಡವಾ ಅಂತ ಅವರೇ ತೀರ್ಮಾನ ಮಾಡ್ತಾರೆ. ನಮ್ಮಲ್ಲಿ ಆ ತೀರ್ಮಾನವನ್ನ ಮನೆಯವರೋ, ಸೆಕ್ಯೂರಿಟಿಯವರೋ ಮಾಡ್ತಾರೆ. "ನಿಮಗೆ ಆಗಲ್ಲ ಬಿಡಿ" ಅಂತ ಒಬ್ಬರು, "ಎತ್ಕೊಂಡು ಹೋಗ್ತೀವಿ ಬನ್ನಿ" ಅಂತ ಇನ್ನೊಬ್ಬರು. ಎತ್ಕೊಂಡು ಹೋಗೋದು ಪ್ರೀತಿಯಿಂದಲೇ ಇರಬಹುದು. ಆದ್ರೆ ನಾಲ್ಕು ಜನಕ್ಕೆ ಪುರುಸೊತ್ತು ಸಿಕ್ಕ ದಿನ ಮಾತ್ರ ನೀವು ಮನೆಯಿಂದ ಹೊರಗೆ ಬರೋದು ಅಂದ್ರೆ ಹೇಗಿರುತ್ತೆ, ಯೋಚನೆ ಮಾಡಿ.

ನಂದಿ ಬೆಟ್ಟದಂಥ ಕಡೆ ವಾಹನದ ರಸ್ತೆ ಮೇಲಿನವರೆಗೂ ಹೋಗುತ್ತೆ. ಬುಡದಿಂದ ಹತ್ತೋ ಮೆಟ್ಟಿಲ ದಾರಿ ಹಾಗೇ ಇರಲಿ. ಪಾರ್ಕಿಂಗ್‌ನಿಂದ ಟಿಕೆಟ್ ಕೌಂಟರ್, ಟಾಯ್ಲೆಟ್, ಒಂದು ಒಳ್ಳೆ ನೋಟ ಸಿಗೋ ಜಾಗ, ಇಷ್ಟನ್ನ ಎಲ್ಲೂ ತುಂಡಾಗದ ಒಂದು ದಾರಿ ಸೇರಿಸಿದ್ರೂ ಸಾಕು. ನಡುವೆ ಒಂದೇ ಒಂದು ಮೆಟ್ಟಿಲು ಬಂದ್ರೂ ಅದರ ಹಿಂದಿನ ಖರ್ಚೆಲ್ಲ ನೀರಲ್ಲಿ ಹೋಮ.

ನಮ್ಮ ಪಕ್ಕದ ಚೆನ್ನೈನಲ್ಲೇ ಒಂದು ಉದಾಹರಣೆ ಇದೆ. ಮರೀನಾ ಬೀಚ್‌ನಲ್ಲಿ ಮೊದಲು ವಿಶ್ವ ವಿಕಲಚೇತನರ ದಿನ ಡಿಸೆಂಬರ್ 3ರ ಆಸುಪಾಸು ತಾತ್ಕಾಲಿಕ ದಾರಿ ಹಾಕಿ, ಆಮೇಲೆ ತೆಗೆದುಬಿಡ್ತಿದ್ರು. ಸಮುದ್ರ ವರ್ಷವೆಲ್ಲ ಇರುತ್ತೆ, ದಾರಿ ಮಾತ್ರ ಯಾಕೆ ನಾಲ್ಕು ದಿನ? ಕಾಯಂ ದಾರಿಗಾಗಿ ವಿಕಲಚೇತನರು ವರ್ಷಗಟ್ಟಲೆ ಕೇಳ್ತಾ ಬಂದ ಮೇಲೆ, 2022ರ ನವೆಂಬರ್‌ನಲ್ಲಿ ಮರಳಿನ ಮೇಲೆ 250 ಮೀಟರ್‌ಗೂ ಉದ್ದದ ಮರದ ದಾರಿ ಶುರುವಾಯ್ತು. ಎರಡು ವಾರದೊಳಗೆ ಮ್ಯಾಂಡಸ್ ಚಂಡಮಾರುತ ಬಂದು ಅದರ ಒಂದು ಭಾಗವನ್ನ ಕಿತ್ತುಹಾಕ್ತು. ಆಮೇಲೆ ರಿಪೇರಿ ಮಾಡಿದ್ರು. ಅದಕ್ಕೇ ಇಂಥ ಕೆಲಸಕ್ಕೆ ಬಜೆಟ್ ಹಾಕುವಾಗ ಕಟ್ಟೋ ದುಡ್ಡಿನ ಜೊತೆ ನಿರ್ವಹಣೆಯ ದುಡ್ಡನ್ನೂ ತೆಗೆದಿಡಬೇಕು.

ಇದೆಲ್ಲ ಯಾರೋ ದೊಡ್ಡ ಮನಸ್ಸು ಮಾಡಿ ಕೊಡೋ ಸೌಲಭ್ಯ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್, ಎಲ್ಲರ ಜೊತೆ ಸಮಾನವಾಗಿ ಮನರಂಜನೆಯಲ್ಲಿ ಭಾಗವಹಿಸೋದನ್ನ ಹಕ್ಕು ಅಂತಲೇ ಹೇಳುತ್ತೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಯ ರೂಪದಲ್ಲಿದ್ರೆ ಸಾಲದು, ಕಡ್ಡಾಯ ನಿಯಮ ಬೇಕು ಅಂತ ಹೇಳಿ, ಅವನ್ನ ರೂಪಿಸೋಕೆ ಕೇಂದ್ರಕ್ಕೆ 3 ತಿಂಗಳ ಗಡುವು ಕೊಡ್ತು.

ಹಾಗಾದ್ರೆ ನಾವೇನು ಮಾಡಬಹುದು? ಈ ವಾರ ನಿಮ್ಮ ಏರಿಯಾದ ಪಾರ್ಕಿಗೆ ಒಂದು ಅಳತೆ ಟೇಪ್ ತಗೊಂಡು ಹೋಗಿ. ಗೇಟಿನ ಸಂದು ಅಳೀರಿ. ರ‍್ಯಾಂಪ್ ಇದ್ರೆ ಅದರ ಎತ್ತರ, ಉದ್ದ ಅಳೀರಿ. ಫೋಟೋ ತೆಗೆದು, ನಂಬರ್ ಸಮೇತ ಸ್ಥಳೀಯ ಸಂಸ್ಥೆಗೆ ದೂರು ಬರೀರಿ. "ವಿಕಲಚೇತನರಿಗೆ ಅನುಕೂಲ ಮಾಡಿಕೊಡಿ" ಅಂತ ಬರೆದ್ರೆ "ಪರಿಶೀಲಿಸಲಾಗುವುದು" ಅನ್ನೋ ಉತ್ತರ ಬರುತ್ತೆ. "ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಬೇಕು, ಇಲ್ಲಿರೋದು 4 ಅಡಿ" ಅಂತ ಬರೆದ್ರೆ ತಳ್ಳಿಹಾಕೋದು ಅಷ್ಟು ಸುಲಭ ಅಲ್ಲ. ಸಾಧ್ಯ ಆದ್ರೆ ವೀಲ್‌ಚೇರ್ ಬಳಸೋ ನಿಮ್ಮ ಫ್ರೆಂಡನ್ನೋ, ನೆಂಟರನ್ನೋ ಮೊದಲು ಕೇಳಿ: "ಎಲ್ಲಿ ಕಷ್ಟ ಆಗುತ್ತೆ?" ಟೇಪಿಗೆ ಸಿಗದ ಎಷ್ಟೋ ವಿಷಯ ಅವರ ಹತ್ತಿರ ಇರುತ್ತೆ.

ಅಳತೆ ತೆಗೆದವರು ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ.