ಲೂಪಸ್ ರೋಗವೂ ಮಿದುಳಿನ ಅಲೆಗಳೂ

ಇ.ಇ.ಜಿ. ಮಾಡಿಸಿ ಎಂದು ವೈದ್ಯರು ಚೀಟಿ ಬರೆದುಕೊಟ್ಟರೆ, ಹುಣಸೂರಿನಲ್ಲಾಗಲಿ ಕಾಕನಕೋಟೆಯ ಕಾಡಂಚಿನಲ್ಲಾಗಲಿ, ಮನೆಯವರು ಕೇಳುವ ಮೊದಲ ಪ್ರಶ್ನೆ: ‘ತಲೆಗೆ ಕರೆಂಟು ಕೊಡ್ತಾರಾ?’ ಇಲ್ಲ, ಕೊಡುವುದಿಲ್ಲ. ಮಿದುಳಿನ ಜೀವಕೋಶಗಳಲ್ಲೇ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ತಲೆಗೆ ಅಂಟಿಸಿದ ಪುಟ್ಟ ಬಿಲ್ಲೆಗಳ ಮೂಲಕ ಯಂತ್ರವು ಬರೆದುಕೊಳ್ಳುತ್ತದೆ, ಅಷ್ಟೆ. ಮನುಷ್ಯರಲ್ಲಿ ಇದನ್ನು 1924ರಲ್ಲಿ ಮೊದಲಿಗೆ ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್.

ಲೂಪಸ್ ಎಂಬುದು ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಾಗಿ ಹರೆಯದವರು. ಕೀಲುನೋವು, ಬಿಸಿಲಿಗೆ ಹೋದರೆ ಕೆನ್ನೆ ಮೂಗುಗಳ ಮೇಲೆ ಕೆಂಪು, ಬಾಯಿಹುಣ್ಣು, ಕೂದಲುದುರುವಿಕೆ, ಕಾಲೂತ ಇದರ ಲಕ್ಷಣಗಳು. ಕೆಲವರಲ್ಲಿ ಇದು ನರಮಂಡಲವನ್ನೂ ಹಿಡಿಯುತ್ತದೆ. ಆಗ ಫಿಟ್ಸ್, ಮಂಕು, ಮರೆವು ಅಥವಾ ಹುಚ್ಚಿನಂಥ ವರ್ತನೆ ತೋರಬಹುದು. ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸುತ್ತ ದಿನ ಕಳೆಯುವುದು ಇಲ್ಲಿಯೇ.

ಕಣ್ಣು ಮುಚ್ಚಿ ಎಚ್ಚರವಾಗಿರುವ ವಯಸ್ಕರ ಇ.ಇ.ಜಿ.ಯಲ್ಲಿ ಸೆಕೆಂಡಿಗೆ 8ರಿಂದ 13ರಷ್ಟು ಅಲೆಗಳು ಕಾಣುತ್ತವೆ. ಲೂಪಸ್ ಮಿದುಳನ್ನು ಮುಟ್ಟಿದಾಗ ಹೆಚ್ಚಾಗಿ ಕಾಣುವ ಬದಲಾವಣೆಯೆಂದರೆ ಈ ಅಲೆಗಳು ನಿಧಾನವಾಗುವುದು. ಸೆಕೆಂಡಿಗೆ ಏಳು, ಐದು, ಒಮ್ಮೊಮ್ಮೆ ಮೂರಕ್ಕೂ ಇಳಿಯುತ್ತವೆ. ಫಿಟ್ಸ್ ಇರುವವರಲ್ಲಿ ಮೊನಚು ಅಲೆಗಳೂ ಏಳಬಹುದು. 1971ರಲ್ಲಿ ಕಡೆಯ ಬಾರಿ ನಡೆದ ಕಾಕನಕೋಟೆಯ ಖೆಡ್ಡಾವನ್ನು ಕಂಡ ಹಿರಿಯರು, ಆನೆ ಅಟ್ಟುವವರೆಲ್ಲ ಒಮ್ಮೆಗೇ ಎಬ್ಬಿಸುತ್ತಿದ್ದ ಗದ್ದಲವನ್ನು ನೆನೆದುಕೊಳ್ಳಲಿ. ಫಿಟ್ಸ್ ಸಮಯದಲ್ಲಿ ಮಿದುಳಿನ ಕೋಶಗಳು ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಆದರೆ ಈ ಗೆರೆಗಳು ‘ಇದು ಲೂಪಸ್’ ಎಂದು ಹೇಳಲಾರವು. ಮೂತ್ರಪಿಂಡ ಸೋತಾಗ, ಮಿದುಳಿಗೆ ಸೋಂಕು ತಗುಲಿದಾಗ, ನಿದ್ದೆ ಬರಿಸುವ ಔಷಧಗಳಿಂದಲೂ ಅಲೆಗಳು ನಿಧಾನವಾಗುತ್ತವೆ. ಇ.ಇ.ಜಿ. ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದೂ ಅಲ್ಲ. ರಕ್ತ, ಮೂತ್ರ, ಎಂ.ಆರ್.ಐ., ಕೆಲವೊಮ್ಮೆ ಬೆನ್ನುಹುರಿಯ ನೀರಿನ ಪರೀಕ್ಷೆಯೂ ಬೇಕು. ಬರಿಯ ಫಿಟ್ಸ್ ಮಾತ್ರೆ ನುಂಗಿದರೆ ಲೂಪಸ್ ಒಳಗೇ ಉಳಿದು ಮೂತ್ರಪಿಂಡವನ್ನು ಕೆಡಿಸಬಹುದು. ಆದ್ದರಿಂದ ಮೈಸೂರಿನ ದೊಡ್ಡಾಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋದವರು ಫಿಟ್ಸ್ ಜೊತೆಗೆ ಕೀಲುನೋವು, ಕಾಲೂತ, ಆಗಿರಬಹುದಾದ ಗರ್ಭಪಾತ ಇವನ್ನೂ ಮುಚ್ಚಿಡದೆ ಹೇಳಬೇಕು. ಮದುವೆಯಾಗಬೇಕಾದ ಹುಡುಗಿಯೆಂದು ಅಡಗಿಸುವ ತಾಯಂದಿರಿಗೆ ಈ ಮಾತು ವಿಶೇಷವಾಗಿ.

ಪರೀಕ್ಷೆಗೆ ಹಿಂದಿನ ದಿನ ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ ಬನ್ನಿ. ಊಟ ಬಿಡಬೇಕಾಗಿಲ್ಲ. ಸ್ಟಿರಾಯ್ಡ್ ಅಥವಾ ಫಿಟ್ಸ್ ಮಾತ್ರೆಗಳನ್ನು ವೈದ್ಯರು ಹೇಳದೆ ಒಂದು ಹೊತ್ತೂ ನಿಲ್ಲಿಸಬೇಡಿ.